ಖಾಲಿ ಚಿಪ್ಪಿನ ಆಟ

ನೀರು ಹೋಗಿದೆ, ಇನ್ನಾರು ತಾಸಿಗೆ ಬರುವುದು.
ಬಾಗಿಲು ಹಾಕದೆ ಊರಿಗೆ ಹೋದವರ ಮನೆಯಂತೆ
ಸಮುದ್ರದ ತಳ ತೆರೆದು ಬಿದ್ದಿದೆ,
ಒದ್ದೆ ನೆಲ, ಅಲ್ಲಲ್ಲಿ ಮರೆತುಹೋದ ಆಕಾಶ.

ಜರ್ಮನಿಯ ತುದಿಯ ಈ ಪುಟ್ಟ ದ್ವೀಪದಲ್ಲಿ
ನನ್ನ ಶಾಲೆಯೆಂದರೆ ಐದು ಮಕ್ಕಳು, ಒಂದು ಕರಿಹಲಗೆ.
ಎಲ್ಲರ ಮನೆಯೂ ಮಣ್ಣೊಟ್ಟಿದ ದಿಬ್ಬದ ಮೇಲೆ.
ಚಳಿಗಾಲದ ಬಿರುಗಾಳಿಗೆ ಹುಲ್ಲುಗಾವಲು ಮುಳುಗಿದರೆ
ದಿಬ್ಬಗಳಷ್ಟೇ ನೀರ ಮೇಲೆ ಕೂತಿರುತ್ತವೆ
ಕಾವಿಗೆ ಕೂತ ಬಾತುಗಳಂತೆ.

ಪುಸ್ತಕದಲ್ಲಿ ಇವತ್ತಿನ ಪಾಠ: ‘ಯಾರ ಮನೆ ಎಲ್ಲಿ?’
ಚಿತ್ರದಲ್ಲಿ ಸಿಂಹ, ಗುಹೆ, ಮಂಗ, ದೊಡ್ಡದೊಂದು ಕಾಡು.
“ಕಾಡು ಅಂದರೆ ಎಷ್ಟು ಮರ?” ಕೇಳಿದಳು ಫೆನ್ಯಾ.
ಇಡೀ ದ್ವೀಪಕ್ಕೆ ಮರಗಳೇ ಏಳು;
ಏಳಕ್ಕೂ ಅವಳೇ ಹೆಸರಿಟ್ಟಿದ್ದಾಳೆ.
ಪುಸ್ತಕ ಮುಚ್ಚಿದೆ. ಬೂಟು ಹಾಕಿಕೊಳ್ಳಿ, ಅಂದೆ.

ಯೂರೆ ಮರಳುಹುಳು. ಹೊಸ ಅಂಗಿಯಲ್ಲೇ ಮಲಗಿಬಿಟ್ಟ.
ಅವನಮ್ಮನಿಗೆ ಏನು ಹೇಳಲಿ?
ಫೆನ್ಯಾ ಕೆಂಪು ಕೊಕ್ಕಿನ ಹಕ್ಕಿ. ಕೊಕ್ಕಿಗೆ ಬುತ್ತಿಯ ಕ್ಯಾರೆಟ್ಟು;
ಹುಳು ಸಿಗುವ ಮೊದಲೇ ಹಸಿವಾಗಿ
ಕೊಕ್ಕನ್ನೇ ಕಡಿದು ತಿಂದಳು.
ನೊಮ್ಮೆನ್ ಉಪ್ಪುಗಿಡ. ಗಿಡ ಓಡುವಂತಿಲ್ಲ.
ಕಣಕಾಲವರೆಗೆ ಕೆಸರಲ್ಲಿ ನೆಟ್ಟಗೆ ನಿಂತ
ಮೂಗು ಸೋರಿದರೂ ಒರೆಸಿಕೊಳ್ಳದೆ.
“ಗಿಡಕ್ಕೆ ಕೈಯಿಲ್ಲ ಟೀಚರ್.”
ನಾನೇ ಒರೆಸಿದೆ.

ಆಗ ಇಂಗ್ಕೆನ್ ಓಡಿ ಬಂದಳು, ಮುಷ್ಟಿಯಲ್ಲೊಂದು ಶಂಖ,
ಶಂಖದೊಳಗೆ ಏಡಿ. ಸನ್ಯಾಸಿ ಏಡಿ.
ಹೆಸರಿಗಷ್ಟೇ ಸನ್ಯಾಸಿ;
ಮನೆಯ ಮೋಹ ಇದಕ್ಕಿರುವಷ್ಟು ಸಂಸಾರಿಗೂ ಇರಲಾರದು.
ಮೈ ಬೆಳೆದ ಹಾಗೆ ಚಿಪ್ಪು ಬಿಗಿ.
ದೊಡ್ಡದೊಂದು ಖಾಲಿ ಸಿಕ್ಕಿತೋ, ಹೇಗೋ ಸುದ್ದಿ ಹಬ್ಬಿ
ಸಾಲುಗಟ್ಟುತ್ತವೆ ದೊಡ್ಡದರ ಹಿಂದೆ ಚಿಕ್ಕದು,
ಮುಂದಿನದು ಬಿಟ್ಟ ಮನೆಗೆ ಹಿಂದಿನದು.
ಬೆತ್ತಲೆ ಬೆನ್ನಿನ ಆ ಒಂದು ಗಳಿಗೆ
ಇಡೀ ಸಮುದ್ರಕ್ಕೆ ಬಾಯಿರುತ್ತದೆ.

“ನಾವೂ! ನಾವೂ!”
ಇಲ್ಲಿಂದ ಮುಂದಿನ ಆಟ ನಾನು ಹೇಳಿಕೊಟ್ಟದ್ದಲ್ಲ.
ಹಿಮ್ಮಡಿಗೆ ಹಿಮ್ಮಡಿ ತಾಗಿಸಿ ಪಾದ ಅಳೆದರು,
ಸಾಲಾದರು. ಗಿಡವೂ ರಜೆ ಕೇಳಿ ಏಡಿಯಾಯಿತು.
ಒಂದು, ಎರಡು, ಖಾಲಿ!
ಕೇತೆಲ್‌ನ ಬೂಟಿಗೆ ಇಂಗ್ಕೆನ್, ಅವಳದಕ್ಕೆ ಫೆನ್ಯಾ,
ಫೆನ್ಯಾಳದಕ್ಕೆ ನೊಮ್ಮೆನ್, ಅವನದಕ್ಕೆ ಯೂರೆ.
ಕೊನೆಗುಳಿದದ್ದು ಯೂರೆಯ ಬೂಟು,
ಕಪ್ಪೆಯ ಚಿತ್ರದ್ದು, ನನ್ನ ಅಂಗೈಯಷ್ಟು.

ಮೊದಲಿಗ ಕೇತೆಲ್ ಮಾತ್ರ ಬರಿಗಾಲಲ್ಲಿ.
ಅವನ ಹೆಬ್ಬೆರಳು ಒಳಕ್ಕೆ ಮಡಚಿ ಕೆಂಪಾಗಿದ್ದವು.
“ಯಾವಾಗಿನಿಂದ ಬಿಗಿ?”
“ಈಸ್ಟರಿನಿಂದ.”
ಮತ್ತೆ, ಏಡಿಯನ್ನೇ ನೋಡುತ್ತ,
“ದೋಣಿಯ ಎಂಜಿನ್ ಕೆಟ್ಟಿದೆಯಲ್ಲ, ಅಪ್ಪನಿಗೆ ಹೇಳಲಿಲ್ಲ.”

ನಾಲ್ಕು ಏಡಿಗಳೂ ಈಗ ನನ್ನ ಕಾಲನ್ನೇ ನೋಡಿದವು.
ಆಟವೆಂದರೆ ಆಟ.
ಬಿಚ್ಚಿಕೊಟ್ಟೆ. ಅವನಿಗೆ ಒಂದು ಬೆರಳು ಸಡಿಲ.
“ಬೆಳೆಯೋಕೆ ಜಾಗ,” ಅಂದ, ದೊಡ್ಡವರ ಧ್ವನಿಯಲ್ಲಿ.

ಹದಿನೆಂಟು ವರ್ಷ ಈ ಕೆಸರಿನ ಪಾಠ ಮಾಡಿದ್ದೇನೆ
ರಬ್ಬರಿನೊಳಗೆ ನಿಂತು.
ಇವತ್ತು ಅಂಗಾಲ ಕೆಳಗೆ ಹುಳು ಹಿಂಡಿದ ಮರಳ ಸುರುಳಿ
ತಣ್ಣಗೆ ಕುಸಿಯಿತು, ಚಕ್ಕುಲಿಯ ಹಸಿಹಿಟ್ಟಿನಷ್ಟು ಮೆತ್ತಗೆ.
ಯಾರದೋ ಮನೆಯ ಮಾಡು.
ತಪ್ಪಾಯಿತು, ಎಂದೆ ಅದಕ್ಕೆ. ಯೂರೆ ಕ್ಷಮಿಸಿದ.

ದೂರದಲ್ಲಿ ನೀರಿನ ಗೆರೆ ಬೆಳ್ಳಗಾಯಿತು.
ಇಂಗ್ಕೆನ್ ಏಡಿಯನ್ನು ಹೊಂಡಕ್ಕೆ ಬಿಟ್ಟು
ಪಕ್ಕದಲ್ಲೊಂದು ಖಾಲಿ ಶಂಖವಿಟ್ಟಳು, ತುಸು ದೊಡ್ಡದು.
ದಿಬ್ಬಕ್ಕೆ ಮರಳಿದೆವು, ಯಾರೂ ತಮ್ಮದನ್ನು ವಾಪಸು ಕೇಳಲಿಲ್ಲ.
ಕಪ್ಪೆಬೂಟು ಶಾಲೆಯ ಗೂಟದಲ್ಲಿ ತೂಗುತ್ತಿದೆ,
ತೆಂಕಣ ದಿಬ್ಬದ ಮಗು ಈಗಷ್ಟೇ ಗೋಡೆ ಹಿಡಿದು ನಡೆಯುತ್ತಿದೆಯಂತೆ.

ಸಂಜೆ ಒಂದೊಂದೇ ಮನೆಯಿಂದ ಫೋನು.
ಬೂಟು ಯಾರದು, ಅಂಗಿಗೇನಾಯಿತು, ಇದೆಂಥ ಪಾಠ.
ಕೊನೆಗೆ ಕೇತೆಲ್‌ನ ಅಪ್ಪ.
ಬಹಳ ಹೊತ್ತು ಬರೀ ಗಾಳಿಯ ಸದ್ದು.
ಆಮೇಲೆ ಕೇಳಿದ:
“ನಂಬರೆಷ್ಟು, ನಿಮ್ಮ ಬೂಟಿನದು?”
ಹೇಳಿದೆ.
ಬರೆದುಕೊಂಡ ಪೆನ್ಸಿಲಿನ ಸದ್ದು ಕೇಳಿಸಿತು.